ಬಾರ್ಕೂ ಉಪಚುನಾವಣೆ, 1892: ಮುಷ್ಕರದಿಂದ ಮತಪೆಟ್ಟಿಗೆಗೆ

ಬ್ರಿಟಿಷ್ ವಸಾಹತಾಗಿದ್ದ ಕ್ವೀನ್ಸ್‌ಲ್ಯಾಂಡಿನ ವಿಧಾನಸಭೆಯಲ್ಲಿ ಬಾರ್ಕೂ ಕ್ಷೇತ್ರದ ಸ್ಥಾನ ತೆರವಾಗಿ, 1892ರ ಮಾರ್ಚ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕಾರ್ಮಿಕರಾಗಿದ್ದ ಟಾಮಿ ರಯಾನ್ ಗೆದ್ದುದನ್ನು ಆಸ್ಟ್ರೇಲಿಯದ ಕಾರ್ಮಿಕ ಚರಿತ್ರೆ ತನ್ನ ಮೊದಮೊದಲ ಗೆಲುವುಗಳಲ್ಲಿ ಒಂದೆಂದು ಎಣಿಸುತ್ತದೆ. ಈ ಎಣಿಕೆ ಸರಿಯಾದುದೇ. ಆದರೆ ಮತದಾರರ ಪಟ್ಟಿಯೊಳಗೆ ಯಾರಿದ್ದರು, ಯಾರು ಹೊರಗುಳಿದರು ಎಂದು ಕೇಳದೆ ಆ ಫಲಿತಾಂಶದ ಅರ್ಥ ಪೂರ್ಣವಾಗಿ ತಿಳಿಯುವುದಿಲ್ಲ.

ಚುನಾವಣೆಯ ಬೇರು ಹಿಂದಿನ ವರ್ಷದ ಮುಷ್ಕರದಲ್ಲಿದೆ. ಕಾರ್ಮಿಕ ಸಂಘಕ್ಕೆ ಸೇರದವರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವ ಅಧಿಕಾರವನ್ನು ಮಾಲೀಕರಿಗೆ ಕೊಡುತ್ತಿದ್ದ ಕರಾರಿಗೆ, 1891ರ ಜನವರಿಯಲ್ಲಿ ಕ್ಲರ್ಮಾಂಟ್ ಬಳಿಯ ಲೋಗನ್ ಡೌನ್ಸ್ ಕುರಿಸಾಕಣೆಯಲ್ಲಿ ಕಾರ್ಮಿಕರು ಸಹಿ ಹಾಕಲೊಪ್ಪದಿದ್ದುದು ಅದರ ಆರಂಭ. ಈ ಕಸುಬಿನಲ್ಲಿ ಕೂಲಿ ದಿನದ ಲೆಕ್ಕದ್ದಲ್ಲ, ನೂರು ಕುರಿಗೆ ಇಷ್ಟೆಂದು ಗೊತ್ತುಮಾಡಿದ್ದು. ಬ್ಲ್ಯಾಕಾಲ್ ಬಳಿ 1892ರ ಅಕ್ಟೋಬರಿನಲ್ಲಿ ಜಾಕಿ ಹೋವ್ ಎಂಬವರು ಕೈಗತ್ತರಿಯೊಂದರಿಂದ ಒಂದೇ ದಿನ 321 ಕುರಿಗಳ ಉಣ್ಣೆ ತೆಗೆದದ್ದು ಇಂದಿಗೂ ಹೆಸರಾದ ದಾಖಲೆಯಾಗಿದ್ದು, ಬಗ್ಗಿಸಿದ ಬೆನ್ನನ್ನು ಎತ್ತದೆ ದುಡಿಯುವ ಈ ಕೆಲಸ ಎಂತಹುದೆಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ. ಮುಷ್ಕರವನ್ನು ಅಡಗಿಸಲು ಸರ್ಕಾರ ಸಶಸ್ತ್ರ ಪಡೆಗಳನ್ನು ಕಳಿಸಿತು, ಹದಿಮೂರು ಮುಂದಾಳುಗಳಿಗೆ ಒಳಸಂಚಿನ ಆರೋಪದ ಮೇಲೆ ಮೂರು ವರ್ಷಗಳ ಸೆರೆವಾಸವಾಯಿತು, ಮುಷ್ಕರ ಮುರಿಯಿತು.

ಹೀಗೆ ಸೋತವರ ಕೈಯಲ್ಲಿ ಉಳಿದದ್ದು ಮತ. ಅದೂ ಸುಲಭವಾಗಿ ದಕ್ಕುವಂತಿರಲಿಲ್ಲ. ಪಟ್ಟಿಗೆ ಹೆಸರು ಸೇರಬೇಕಾದರೆ ಕ್ಷೇತ್ರದಲ್ಲಿ ಆರು ತಿಂಗಳು ನೆಲೆಸಿರಬೇಕೆಂಬ ನಿಯಮವು, ಹಂಗಾಮಿಗೆ ತಕ್ಕಂತೆ ಒಂದು ಸಾಕಣೆಯಿಂದ ಇನ್ನೊಂದಕ್ಕೆ ಅಲೆಯುತ್ತಿದ್ದ ಈ ಜನಕ್ಕೇ ಹೆಚ್ಚಾಗಿ ತಟ್ಟುತ್ತಿತ್ತು. ಹಲವು ಕ್ಷೇತ್ರಗಳಲ್ಲಿ ಆಸ್ತಿಯಿದ್ದವರಿಗಾದರೋ ಅಲ್ಲೆಲ್ಲ ಒಂದೊಂದು ಮತವಿತ್ತು. ಇಂಥ ಏರ್ಪಾಡಿನಲ್ಲಿ ರಯಾನ್ ಗೆದ್ದರೆಂಬುದೇ ಈ ಉಪಚುನಾವಣೆಯ ತೂಕ. ಬಾರ್ಕಾಲ್ಡಿನ್ ಊರಿನ ಮರದಡಿ ಕಾರ್ಮಿಕ ಪಕ್ಷದ ಪ್ರಣಾಳಿಕೆಯನ್ನು ಓದಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಎಂದರೆ ಇಲ್ಲಿ ಗೆಲುವು ಮೊದಲು, ಪ್ರಣಾಳಿಕೆ ಆಮೇಲೆ. ಈ ಕಾಲಕ್ರಮವನ್ನು ಗಮನಿಸದೆ ಮರದಡಿಯ ಓದನ್ನೇ ಕಾರ್ಮಿಕ ರಾಜಕೀಯದ ಮೂಲವೆಂದು ಹಿಡಿಯುವುದು ಸರಿಯಲ್ಲ.

ಪಟ್ಟಿಯಲ್ಲಿ ಹೆಂಗಸರು ಇರಲೇ ಇಲ್ಲ; ಅವರಿಗೆ ಆ ವಿಧಾನಸಭೆಯ ಮತಾಧಿಕಾರ ದೊರೆತದ್ದು 1905ರಲ್ಲಿ. ಜೊತೆಗೆ, ಆಸ್ಟ್ರೇಲಿಯ, ಭಾರತ, ಚೀನಾ ಮತ್ತು ದಕ್ಷಿಣ ಸಮುದ್ರ ದ್ವೀಪಗಳ ಮೂಲನಿವಾಸಿಗಳು ಸ್ವಂತ ಜಮೀನಿನ ಅರ್ಹತೆಯಿಲ್ಲದೆ ಮತದಾರರಾಗುವಂತಿಲ್ಲವೆಂದು 1885ರ ಚುನಾವಣಾ ಕಾಯಿದೆ ವಿಧಿಸಿತ್ತು. ಆದ್ದರಿಂದ ಬಾರ್ಕೂವಿನಲ್ಲಿ ಕೂಲಿಗೆ ದುಡಿಯುವ ಬಿಳಿಯ ಗಂಡಸಿಗೆ ತೆರೆದ ಬಾಗಿಲು, ಅಲ್ಲಿಯೇ ಕೂಲಿಗೆ ದುಡಿಯುವ ಜಮೀನಿಲ್ಲದ ಭಾರತೀಯನಿಗೂ ಆ ನೆಲದ ಮೂಲನಿವಾಸಿಗೂ ಮುಚ್ಚಿಯೇ ಇತ್ತು.