ಲಿಬ್‌ಕರ್ಲ್‌ನ ಕಾಲ್‌ಬ್ಯಾಕ್ ಫಂಕ್ಷನ್‌ಗಳ ದಾಖಲಾತಿ

ಪ್ರೋಗ್ರಾಮರ್ ಬರೆದು ಲೈಬ್ರರಿಗೆ ಒಪ್ಪಿಸುವ, ಆದರೆ ಲೈಬ್ರರಿಯೇ ತನಗೆ ಬೇಕಾದಾಗ ಕರೆಯುವ ಫಂಕ್ಷನ್ನನ್ನು ಕಾಲ್‌ಬ್ಯಾಕ್ ಎನ್ನುತ್ತಾರೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರ ನೇತೃತ್ವದಲ್ಲಿ ಸಿ ಭಾಷೆಯಲ್ಲಿ ರೂಪುಗೊಂಡು 2000ದಲ್ಲಿ ಹೊರಬಂದ ಲಿಬ್‌ಕರ್ಲ್, ಜಾಲದ ಮೂಲಕ ದತ್ತಾಂಶ ಸಾಗಿಸುವ ಮುಕ್ತ ಲೈಬ್ರರಿಯಾಗಿದ್ದು, ಅದರ ಬಳಕೆಯ ಬಹುಭಾಗ ಇಂಥ ಫಂಕ್ಷನ್‌ಗಳನ್ನೇ ಅವಲಂಬಿಸಿದೆ.

ಪೀಣ್ಯದ ಕಾರ್ಖಾನೆಯ ಯಂತ್ರವೊಂದು ಎಲೆಕ್ಟ್ರಾನಿಕ್ ಸಿಟಿಯ ಸರ್ವರ್‌ನಿಂದ ದೊಡ್ಡ ಕಡತವೊಂದನ್ನು ತರಿಸಿಕೊಳ್ಳುತ್ತದೆಂದು ಭಾವಿಸಿದರೆ, ಅದು ಒಮ್ಮೆಗೇ ಬಾರದೆ ತುಂಡು ತುಂಡಾಗಿ ಬರುತ್ತದೆ. ಪ್ರತಿ ತುಂಡಿಗೂ ಲೈಬ್ರರಿಯು ‘ರೈಟ್’ ಕಾಲ್‌ಬ್ಯಾಕನ್ನು ಕರೆದು ದತ್ತಾಂಶದ ವಿಳಾಸ, ಅದರ ಗಾತ್ರ ಹಾಗೂ ಪ್ರೋಗ್ರಾಮರ್ ಮೊದಲೇ ಕೊಟ್ಟಿದ್ದ ಪಾಯಿಂಟರನ್ನು, ಅಂದರೆ ಸ್ಮೃತಿಯ ಸ್ಥಾನ ಸೂಚಕವನ್ನು, ಒಪ್ಪಿಸುತ್ತದೆ. ಗಾತ್ರವು ಎರಡು ಸಂಖ್ಯೆಗಳಾಗಿ ಬರುತ್ತದೆಯಾದರೂ ಮೊದಲನೆಯದು ಯಾವಾಗಲೂ 1 ಆಗಿರುವುದು ಹಳೆಯ ರೂಢಿಯ ಉಳಿಕೆ. ದತ್ತಾಂಶದ ಕೊನೆಯಲ್ಲಿ ಸಿ ಭಾಷೆಯ ಪಠ್ಯಗಳಿಗಿರುವ ಶೂನ್ಯ ಗುರುತು ಇರುವುದಿಲ್ಲವಾದ್ದರಿಂದ ಅದನ್ನು ನೇರವಾಗಿ ಪಠ್ಯವೆಂದು ಓದುವುದು ಅಪಾಯಕರ. ಫಂಕ್ಷನ್ ತಾನು ಸ್ವೀಕರಿಸಿದ ಬೈಟ್‌ಗಳ ಸಂಖ್ಯೆಯನ್ನು ಹಿಂದಿರುಗಿಸಬೇಕು. ಅದು ಬಂದ ಸಂಖ್ಯೆಗೆ ಹೊಂದದಿದ್ದರೆ, ವಿರಾಮ ಕೋರುವಂಥ ವಿಶೇಷ ಮೌಲ್ಯಗಳ ಹೊರತು, ವರ್ಗಾವಣೆ ದೋಷದೊಂದಿಗೆ ನಿಲ್ಲುತ್ತದೆ. ದತ್ತಾಂಶ ಕಳುಹಿಸುವಾಗ ಕರೆಯಲಾಗುವ ‘ರೀಡ್’ ಕಾಲ್‌ಬ್ಯಾಕ್ ಸೊನ್ನೆಯನ್ನು ಹಿಂದಿರುಗಿಸಿದರೆ ಕಳುಹಿಸಬೇಕಾದದ್ದು ಮುಗಿಯಿತೆಂದು ಅರ್ಥ. ಪ್ರಗತಿ ತಿಳಿಸುವ ಕಾಲ್‌ಬ್ಯಾಕ್‌ನಲ್ಲಿ ಅದೇ ಸೊನ್ನೆ ಮುಂದುವರಿಯಲು ಅನುಮತಿ.

ಒಂದೇ ಮೌಲ್ಯ ಹೀಗೆ ಬೇರೆ ಬೇರೆ ಅರ್ಥ ಕೊಡುವುದರಿಂದ, ಫಂಕ್ಷನ್ನಿನ ಹೆಸರು ಮತ್ತು ಆರ್ಗ್ಯುಮೆಂಟ್‌ಗಳನ್ನಷ್ಟೇ ನೀಡಿ, ಅದನ್ನು ಎಷ್ಟು ಬಾರಿ ಕರೆಯಲಾಗುತ್ತದೆ, ಸ್ಮೃತಿಯ ಒಡೆತನ ಯಾರದು, ಹಿಂದಿರುಗುವ ಮೌಲ್ಯದ ಅರ್ಥವೇನು ಎಂಬುದನ್ನು ಹೇಳದ ಕೈಪಿಡಿ ಅಪೂರ್ಣ.