ಸಣ್ಣ ಗಾಳದ ಮೀನುಗಾರಿಕೆ

ಸಣ್ಣ ಗಾಳದ ಮೀನುಗಾರಿಕೆ ಎಂಬುದು ಬಹು ಚಿಕ್ಕ ಕೊಕ್ಕೆ, ತೆಳುವಾದ ದಾರ ಹಾಗೂ ಅಲ್ಪ ಪ್ರಮಾಣದ ಎರೆಯನ್ನು ಬಳಸಿ, ಅಂಗೈಯಗಲದ ಅಥವಾ ಅದಕ್ಕೂ ಚಿಕ್ಕದಾದ ಸಿಹಿನೀರಿನ ಮೀನುಗಳನ್ನು ಹಿಡಿಯುವ ವಿಧಾನ. ನೀರು ತಂಪಾಗಿ ಮೀನುಗಳ ಹಸಿವು ಕುಗ್ಗಿರುವ ತಿಂಗಳುಗಳಲ್ಲಿ ದೊಡ್ಡ ಗಾಳಕ್ಕಿಂತ ಇದು ಹೆಚ್ಚು ಫಲಕಾರಿ. ಉತ್ತರ ಅಮೆರಿಕದ ಸರೋವರಗಳಲ್ಲಿ ಇದಕ್ಕೆ ಅರ್ಧ ಗ್ರಾಂನಿಂದ ಒಂದು ಗ್ರಾಂ ತೂಕದ ಕೃತಕ ಎರೆಗಳನ್ನು ಬಳಸುತ್ತಾರೆ. ಕರ್ನಾಟಕದ ಬಯಲುಸೀಮೆಯ ಕೆರೆಗಳಲ್ಲಿ ಎರೆಹುಳು ಅಥವಾ ಹಿಟ್ಟಿನ ಉಂಡೆಯೇ ಸಾಮಾನ್ಯ.

ಹೆಸರು ಮತ್ತು ಹಿನ್ನೆಲೆ

ಕನ್ನಡದಲ್ಲಿ ‘ಗಾಳ’ ಎಂದರೆ ಮೀನು ಹಿಡಿಯುವ ಕೊಕ್ಕೆ. ಬಳಕೆಯಲ್ಲಿ ಕೋಲು, ದಾರ, ಕೊಕ್ಕೆ ಎಲ್ಲವನ್ನೂ ಒಟ್ಟಾಗಿ ಗಾಳವೆಂದೇ ಕರೆಯುವುದುಂಟು. ಕೊಕ್ಕೆಗೆ ಸಿಕ್ಕಿಸುವ ಆಹಾರವೇ ‘ಎರೆ’. ‘ಎರೆಹುಳು’ ಎಂಬ ಹೆಸರಿನಲ್ಲಿಯೂ ಈ ಮಾತು ಉಳಿದುಕೊಂಡಿದೆ.

ಗಾಳ ಹಾಕುವುದು ಬಡವರ ಹಾಗೂ ಮಕ್ಕಳ ಕಾಲಕ್ಷೇಪವೆಂಬ ಭಾವನೆ ಇಂದು ವ್ಯಾಪಕವಾಗಿದ್ದರೂ, ಒಂದು ಕಾಲದಲ್ಲಿ ಅದು ಅರಸರ ವಿನೋದವೂ ಆಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ ಸುಮಾರು 1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಮೀನುಗಳ ಬಗೆಗಳು ಮತ್ತು ಅವುಗಳಿಗೆ ಒಡ್ಡಬೇಕಾದ ಆಹಾರದ ವಿವರಗಳು ಅದರಲ್ಲಿ ಬರುತ್ತವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ವಿದ್ವತ್ ಲೇಖನ ಪ್ರಕಟಿಸಿದರು.

ಬಯಲುಸೀಮೆಯ ಕೆರೆಗಳು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಪ್ರದೇಶಕ್ಕೆ ಸೇರಿವೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ಪಾವಗಡದ ನಾಗಲಮಡಿಕೆಯ ಬಳಿ ಹರಿಯುವ ಉತ್ತರ ಪಿನಾಕಿನಿ ಇವೆರಡೂ ವರ್ಷದ ಬಹುಭಾಗ ಬತ್ತಿರುವ ನದಿಗಳು. ಆದ್ದರಿಂದ ಇಲ್ಲಿ ಮೀನು ಎಂದರೆ ಕೆರೆಯ ಮೀನು. ದೊಡ್ಡ ಕೆರೆಗಳನ್ನು ‘ಸಮುದ್ರ’ವೆಂದು ಕರೆಯುತ್ತಿದ್ದ ರೂಢಿ ಬಲಸಮುದ್ರದಂತಹ ಊರ ಹೆಸರುಗಳಲ್ಲಿ ಕಾಣುತ್ತದೆ, ಕಡಲು ಕಾಣದ ನಾಡು ತನ್ನ ನೀರಿಗೆ ಕೊಟ್ಟ ಗೌರವವಿದು.

ಇಲ್ಲಿನ ಮಳೆಯ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಹೀಗಾಗಿ ಕೆರೆಯಲ್ಲಿ ನೀರು ತುಂಬಿರುವ ಕಾಲವೂ ಚಳಿಗಾಲವೂ ಒಟ್ಟಿಗೆ ಬರುತ್ತವೆ. ಬೇಸಿಗೆಯ ಹೊತ್ತಿಗೆ ಅನೇಕ ಕೆರೆಗಳು ಒಣಗಿ ಅಂಗಳ ಬಿರಿಯುವುದರಿಂದ, ಗಾಳ ಹಾಕಲು ದೊರೆಯುವ ಅವಧಿಯಲ್ಲಿ ಹೆಚ್ಚಿನದು ತಂಪಿನ ದಿನಗಳೇ.

ತಂಪು ನೀರಿನಲ್ಲಿ ಮೀನಿನ ವರ್ತನೆ

ಮೀನು ಶೀತರಕ್ತ ಪ್ರಾಣಿ. ಅದರ ದೇಹದ ಉಷ್ಣತೆ ನೀರಿನ ಉಷ್ಣತೆಯನ್ನು ಅನುಸರಿಸುತ್ತದೆ. ನೀರು ತಣ್ಣಗಾದಂತೆ ಜೀರ್ಣಕ್ರಿಯೆ ನಿಧಾನವಾಗುತ್ತದೆ, ಆಹಾರದ ಅಗತ್ಯ ಕುಗ್ಗುತ್ತದೆ. ಆಗ ಮೀನು ದೂರದಿಂದ ಧಾವಿಸಿ ಬಂದು ಎರೆಯನ್ನು ನುಂಗುವುದಿಲ್ಲ. ಹತ್ತಿರ ಬಂದ ಚಿಕ್ಕ ತುಣುಕನ್ನು ಮೆಲ್ಲನೆ ಬಾಯಿಗೆಳೆದು, ಒಗ್ಗದಿದ್ದರೆ ಉಗಿದುಬಿಡುತ್ತದೆ. ದಪ್ಪ ದಾರ ಮತ್ತು ಭಾರವಾದ ಬಟ್ಟು ಇದ್ದಲ್ಲಿ ಈ ಕಚ್ಚುವಿಕೆ ಹಿಡಿದವನ ಅರಿವಿಗೇ ಬರುವುದಿಲ್ಲ. ಸಣ್ಣ ಗಾಳದ ತಂತ್ರವೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿದೆ.

ಕೆರೆಗಳಲ್ಲಿ ಹೆಚ್ಚಾಗಿ ಸಿಗುವ ಜಿಲೇಬಿ ಮೀನು (ತಿಲಾಪಿಯ) ಇದಕ್ಕೆ ಒಳ್ಳೆಯ ನಿದರ್ಶನ. ಆಫ್ರಿಕ ಮೂಲದ ಮೊಜಾಂಬಿಕ್ ತಿಲಾಪಿಯವನ್ನು ಭಾರತಕ್ಕೆ ತಂದದ್ದು 1952ರಲ್ಲಿ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಚಿಕ್ಕ ವಯಸ್ಸಿನಲ್ಲೇ ಮರಿಮಾಡಿ ಕೆರೆಯಲ್ಲಿ ಕಿಕ್ಕಿರಿಯುವುದರಿಂದ ಅದರ ಬೆಳವಣಿಗೆಯೂ ಕುಂಠಿತವಾಗುತ್ತದೆ. ಬೆರಳುದ್ದದ ಮೀನಿನ ಕಿರಿದಾದ ಬಾಯಿಗೆ ದೊಡ್ಡ ಕೊಕ್ಕೆ ಹಿಡಿಸದು. ಬೆಳ್ಳಿಬಣ್ಣದ ಪಂಟಿಯಸ್ ಕುಲದ ದೇಶೀಯ ಮೀನುಗಳಿಗೂ ಇದೇ ಮಾತು ಸಲ್ಲುತ್ತದೆ.

ಸಲಕರಣೆ ಮತ್ತು ಕ್ರಮ

ಕೊಕ್ಕೆಯ ಸಂಖ್ಯೆ ಹೆಚ್ಚಿದಂತೆ ಗಾತ್ರ ಚಿಕ್ಕದಾಗುತ್ತದೆ. ಅಂಗಡಿಯಲ್ಲಿ ಹೊಸಬರನ್ನು ಗೊಂದಲಗೊಳಿಸುವ ಲೆಕ್ಕವಿದು. ಸಣ್ಣ ಮೀನಿಗೆ 10ರಿಂದ 16ರವರೆಗಿನ ಕೊಕ್ಕೆಗಳು ಸೂಕ್ತ. ಹಗುರವಾದ ಬಿದಿರುಕೋಲು, ತೆಳು ನೈಲಾನ್ ದಾರ ಸಾಕು. ಜೋಳದ ದಂಟಿನ ಬೆಂಡು ತೇಲುವ ಗುರುತಾಗಿ ಒದಗುತ್ತದೆ. ಎರೆಯ ಭಾರಕ್ಕೆ ಬೆಂಡು ಬಹುಪಾಲು ಮುಳುಗಿ, ತುದಿ ಮಾತ್ರ ಕಾಣುವಂತಿರಬೇಕು.

ತಿಪ್ಪೆಯ ಬದಿಯಲ್ಲಿ, ಬಚ್ಚಲು ನೀರು ಹರಿಯುವ ಕಡೆಯಲ್ಲಿ ಎರೆಹುಳು ಸಿಗುತ್ತದೆ. ಇಡೀ ಹುಳುವನ್ನು ಸಿಕ್ಕಿಸಿದರೆ ಮೀನು ಇಳಿಬಿದ್ದ ತುದಿಯನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ. ಕೊಕ್ಕೆಯ ಮೊನೆ ಮುಚ್ಚುವಷ್ಟು ತುಣುಕು ಸಾಕು. ಗಟ್ಟಿಯಾಗಿ ನಾದಿದ ಗೋಧಿ ಹಿಟ್ಟು ಅಥವಾ ರಾಗಿಮುದ್ದೆಯನ್ನು ಕಡಲೆಕಾಳಿಗಿಂತ ಚಿಕ್ಕ ಉಂಡೆಯಾಗಿಸಿಯೂ ಬಳಸಬಹುದು. ಕೃತಕ ಎರೆಯಾದರೆ ಅದನ್ನು ಜಗ್ಗದೆ, ತಾನಾಗಿ ಇಳಿಯಲು ಬಿಟ್ಟು ಆಗಾಗ ತುಸುವೇ ಅಲುಗಿಸಬೇಕು.

ಬೆಳಗಿನ ಜಾವದಲ್ಲೇ ಗಾಳ ಹಾಕಬೇಕೆಂಬ ನಂಬಿಕೆ ಚಳಿಗಾಲಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಬಿಸಿಲೇರಿ ಅಂಚಿನ ತೆಳುನೀರು ಬೆಚ್ಚಗಾದ ಮೇಲೆ, ಅಂದರೆ ಸುಮಾರು ಹತ್ತು ಗಂಟೆಯಿಂದ ಇಳಿಹೊತ್ತಿನವರೆಗೆ ಮೀನುಗಳು ಚುರುಕಾಗುತ್ತವೆ. ಬಿಸಿಲು ಬೀಳುವ ಏರಿಯ ಕಲ್ಲುಕಟ್ಟಡದ ಸಂದುಗಳು ಒಳ್ಳೆಯ ಜಾಗಗಳು. ಮಣ್ಣು ತೆಗೆದ ಕೆರೆಗಳಲ್ಲಿ ಆಳವಾದ ಗುಂಡಿಗಳು ನೀರಿನಡಿ ಅಡಗಿರುತ್ತವೆ. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ನೀರಿಗಿಳಿಯುವುದು ಪ್ರಾಣಾಪಾಯಕರ. ದಾರ ಕತ್ತರಿಸುವುದೇ ಲೇಸು.

ಮರಿಮೀನು, ಹಕ್ಕಿಗಳು ಮತ್ತು ಹಕ್ಕು

ಮಳೆಗಾಲದಲ್ಲಿ ಕೆರೆಗಳಿಗೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಚಳಿಗಾಲದಲ್ಲಿ ಇನ್ನೂ ಚಿಕ್ಕವಾಗಿರುತ್ತವೆ. ಸಣ್ಣ ಗಾಳ ಅವನ್ನೂ ಜಿಲೇಬಿಯನ್ನೂ ಬೇರ್ಪಡಿಸಲಾರದು. ಆ ಮರಿಗಳು ಕೆರೆಯ ಗುತ್ತಿಗೆ ಹಿಡಿದ ಮೀನುಗಾರರ ವರ್ಷದ ದುಡಿಮೆ. ಆದ್ದರಿಂದ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ, ಸಿಕ್ಕ ಮರಿಯನ್ನು ಒದ್ದೆ ಕೈಯಲ್ಲಿ ಬಿಡಿಸಿ ನೀರಿಗೆ ಬಿಡುವುದು ಅವಶ್ಯ.

ಸಣ್ಣ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ನೀರುಹಕ್ಕಿಗಳಿಗೆ ವಿಷ. ಕಾಳು ಅರೆಯಲು ಮರಳುಕಲ್ಲು ನುಂಗುವ ಹಕ್ಕಿಗಳು ಇವನ್ನೂ ನುಂಗುತ್ತವೆ. ಹಂಸಗಳ ಸಾವಿನ ಕಾರಣದಿಂದ ಬ್ರಿಟನ್‌ನಲ್ಲಿ 1987ರಿಂದ 28.35 ಗ್ರಾಂವರೆಗಿನ ಬಹುತೇಕ ಸೀಸದ ಬಟ್ಟುಗಳನ್ನು ನಿಷೇಧಿಸಲಾಯಿತು. ಕಬ್ಬಿಣದ ಚಿಕ್ಕ ನಟ್ಟು ಅಥವಾ ಕಲ್ಲಿನ ಚೂರು ಇದಕ್ಕೆ ಬದಲಿಯಾಗಬಲ್ಲದು.

ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆಯೊಂದು ಅನ್ವಯಿಸುತ್ತದೆ. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಯ ಮೂಲಕ ಮೀನುಗಾರರ ಸಹಕಾರ ಸಂಘಗಳಿಗೆ ಅಥವಾ ಇತರ ಗುತ್ತಿಗೆದಾರರಿಗೆ ಸೇರಿರುತ್ತದೆ. ಹವ್ಯಾಸಕ್ಕಾಗಿ ಗಾಳ ಹಾಕುವವರು ಗ್ರಾಮ ಪಂಚಾಯಿತಿಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕಾಗುತ್ತದೆ.