ಹೆಸರು ಒಂದೇ, ಆಟ ಬೇರೆ



2010ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಮಹಿಳೆಯರ 4x400 ಮೀಟರ್ ರಿಲೇಯಲ್ಲಿ ಭಾರತಕ್ಕೆ ಚಿನ್ನ ಬಂತು; ಓಡಿದ ನಾಲ್ವರಲ್ಲಿ ಒಬ್ಬರು ಅಶ್ವಿನಿ. ಎರಡು ದಿನ ಕಳೆಯುವಷ್ಟರಲ್ಲಿ ಬ್ಯಾಡ್ಮಿಂಟನ್ ಮಹಿಳೆಯರ ಡಬಲ್ಸ್‌ನಲ್ಲೂ ಚಿನ್ನ. ಜ್ವಾಲಾ ಗುಟ್ಟಾ ಅವರ ಜೊತೆಗಾರ್ತಿ ಅಶ್ವಿನಿ. ಇಬ್ಬರೂ ಕರ್ನಾಟಕದವರೇ. ಮೊದಲನೆಯವರು ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ, ಎರಡನೆಯವರು ಕೊಡಗಿನ ಅಶ್ವಿನಿ ಪೊನ್ನಪ್ಪ. ನಿಮ್ಮ ತಂದೆ ತಾಯಿಗಳನ್ನು ಕೇಳಿದರೆ ಅವರು ಮೂರನೆಯ ಅಶ್ವಿನಿಯನ್ನು ನೆನೆಯುತ್ತಾರೆ: ಪಿ.ಟಿ. ಉಷಾ ಅವರನ್ನೇ ಓಟದಲ್ಲಿ ಹಿಂದಿಕ್ಕಿದ್ದ ಅಶ್ವಿನಿ ನಾಚಪ್ಪ. ಅವರೂ ಕೊಡಗಿನವರು. ಮುಂದೆ ನೂರು ವರ್ಷ ಕಳೆದ ಮೇಲೆ ಯಾರಾದರೂ "ಕರ್ನಾಟಕದ ಅಶ್ವಿನಿ" ಎಂಬ ಒಂದು ಸಾಲಿನ ಉಲ್ಲೇಖವನ್ನು ಮಾತ್ರ ಹಿಡಿದು ಚರಿತ್ರೆ ಬರೆಯ ಹೊರಟರೆ ಏನಾದೀತು, ಯೋಚಿಸಿ.

ಇದು ಕೇವಲ ತಮಾಷೆಯ ಪ್ರಶ್ನೆಯಲ್ಲ. ನಮ್ಮ ದೇಶದ ಕ್ರೀಡಾ ಇತಿಹಾಸದಲ್ಲಿ ಈ ಗೊಂದಲ ನಿಜವಾಗಿಯೂ ಇದೆ. ಜೋಗಿಂದರ್ ಸಿಂಗ್ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಜೋಗಿಂದರ್ ಸಿಂಗ್ ಇದ್ದರು. 1965ರಲ್ಲಿ ಪೂರ್ವ ಆಫ್ರಿಕಾದ ಸಫಾರಿ ಕಾರ್ ರ್‍ಯಾಲಿಯನ್ನು ಗೆದ್ದವರು ಜೋಗಿಂದರ್ ಸಿಂಗ್. 1966ರಲ್ಲಿ ಬ್ಯಾಂಕಾಕ್‌ನ ಏಷ್ಯನ್ ಕ್ರೀಡಾಕೂಟದಲ್ಲಿ ಗುಂಡು ಎಸೆತದ ಚಿನ್ನ ಪಡೆದವರೂ ಜೋಗಿಂದರ್ ಸಿಂಗ್. ಸಾಲಾಗಿ ಮೂರು ವರ್ಷ, ಮೂರು ಆಟ, ಒಂದೇ ಹೆಸರು! ಒಬ್ಬನೇ ಮನುಷ್ಯ ಇಷ್ಟನ್ನೂ ಮಾಡಿದ್ದರೆ ಅವನ ಪ್ರತಿಮೆ ಊರೂರಲ್ಲೂ ನಿಂತಿರುತ್ತಿತ್ತು. ಆದರೆ ಇವರು ಮೂವರು.

ಹಾಕಿಯ ಜೋಗಿಂದರ್ ಬಲ ಅಂಚಿನಲ್ಲಿ ಚೆಂಡು ಹಿಡಿದು ಓಡುವ ಆಟಗಾರ. 1960ರ ರೋಮ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ನಾವು ಪಾಕಿಸ್ತಾನಕ್ಕೆ 1-0ರಿಂದ ಸೋತಾಗಲೂ ಅವರು ಆ ತಂಡದಲ್ಲಿದ್ದರು. ನಾಲ್ಕು ವರ್ಷದ ನಂತರ ಅದೇ ಪಾಕಿಸ್ತಾನವನ್ನು ಅದೇ 1-0 ಅಂತರದಿಂದ ಸೋಲಿಸಿದ ತಂಡದಲ್ಲೂ ಇದ್ದರು. ಗುಂಡು ಎಸೆತದ ಜೋಗಿಂದರ್ 1970ರಲ್ಲಿ ಮತ್ತೆ ಬ್ಯಾಂಕಾಕ್‌ನಲ್ಲೇ ತಮ್ಮ ಚಿನ್ನವನ್ನು ಉಳಿಸಿಕೊಂಡರು.

ಮೂರನೆಯ ಜೋಗಿಂದರ್ ಭಾರತದಲ್ಲಿ ಹುಟ್ಟಿದವರೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ಒಳನಾಡಿಗೆ ರೈಲು ಮಾರ್ಗ ಹಾಕಿಸಿದಾಗ ಪಂಜಾಬಿನಿಂದ ಸಾವಿರಾರು ಮಂದಿ ಕೂಲಿಗಳು, ಬಡಗಿಗಳು, ಕಮ್ಮಾರರು ಹಡಗು ಹತ್ತಿದರು. ಅಂದು ಮೊದಲಾದ ವಲಸೆಯಿಂದ ಕೀನ್ಯಾದಲ್ಲಿ ಸಿಖ್ಖರ ಒಂದು ಸಮಾಜವೇ ಬೆಳೆಯಿತು. ಅದರಲ್ಲಿ 1932ರಲ್ಲಿ ಕೆರಿಚೋ ಎಂಬಲ್ಲಿ ಹುಟ್ಟಿದವರು ಈ ಜೋಗಿಂದರ್. 1965ರಲ್ಲಿ ತಮ್ಮ ಸೋದರ ಜಸ್ವಂತ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ವೋಲ್ವೋ ಕಾರಿನಲ್ಲಿ ಸಫಾರಿ ಗೆದ್ದರು. 1974 ಮತ್ತು 1976ರಲ್ಲಿ ಮಿತ್ಸುಬಿಷಿ ಕಾರಿನಲ್ಲಿ ಮತ್ತೆರಡು ಸಲ. ಮಳೆ ಬಂದರೆ ಕೆಸರು, ಬಾರದಿದ್ದರೆ ಧೂಳು, ನಡುವೆ ಕಾಡುಪ್ರಾಣಿಗಳು, ಹೀಗೆ ಸಾವಿರಾರು ಕಿಲೋಮೀಟರು ಓಡಿಸಬೇಕಾದ ಸ್ಪರ್ಧೆ ಅದು. ಅಲ್ಲಿಯ ಜನ ಅವರನ್ನು "ಹಾರುವ ಸಿಖ್ಖ" ಎಂದು ಕರೆದರು. ನಮ್ಮಲ್ಲಿ ಆ ಬಿರುದು ಓಟಗಾರ ಮಿಲ್ಖಾ ಸಿಂಗ್ ಅವರದು ಎಂದು ಎಲ್ಲರಿಗೂ ಗೊತ್ತು. ಹೆಸರು ಮಾತ್ರವಲ್ಲ, ಬಿರುದು ಕೂಡ ಇಬ್ಬರ ಪಾಲಾಯಿತು ನೋಡಿ.

ಒಂದೇ ಹೆಸರು ಇಷ್ಟು ಸಲ ಏಕೆ ಬರುತ್ತದೆ? ಕಾರಣ ಇತಿಹಾಸದಲ್ಲೇ ಇದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾವನ್ನು ಸ್ಥಾಪಿಸಿದರು. ಅಂದಿನಿಂದ ಗಂಡಸರಿಗೆ "ಸಿಂಗ್", ಹೆಂಗಸರಿಗೆ "ಕೌರ್" ಎಂಬ ಸಮಾನ ಹೆಸರುಗಳು ರೂಢಿಯಾದವು. ಜಾತಿ ಕುಲಗಳ ಗುರುತು ಅಳಿಯಬೇಕು ಎಂಬುದು ಇದರ ಹಿಂದಿನ ಆಶಯ. ಮಗು ಹುಟ್ಟಿದಾಗ ಗುರು ಗ್ರಂಥ ಸಾಹಿಬ್ ತೆರೆದು, ಅಲ್ಲಿ ಕಂಡ ಪದ್ಯದ ಮೊದಲ ಅಕ್ಷರದಿಂದ ಹೆಸರಿಡುವುದು ಸಂಪ್ರದಾಯ. ಹೆಸರುಗಳೂ ಕೆಲವೇ ತುಣುಕುಗಳ ಜೋಡಣೆ: ಬೀರ್, ಇಂದರ್, ಜೀತ್, ಪಾಲ್, ವಂತ್. ಬಲಕ್ಕೆ ಬೀರ್ ಸೇರಿದರೆ ಬಲಬೀರ್, ಜಗಕ್ಕೆ ಜೀತ್ ಸೇರಿದರೆ ಜಗಜೀತ್. ಕುಲದ ಹೆಸರನ್ನು ಹಲವರು ಬರೆಯುವುದೇ ಇಲ್ಲ. ಸಮಾನತೆಗಾಗಿ ಹುಟ್ಟಿದ ಒಂದು ಒಳ್ಳೆಯ ಪದ್ಧತಿ ದಾಖಲೆ ಬರೆಯುವ ಗುಮಾಸ್ತನಿಗೆ ತಲೆನೋವಾಯಿತು.

ನಮ್ಮ ಕಡೆ ಇದೇ ಕೆಲಸವನ್ನು ಇನಿಷಿಯಲ್‌ಗಳು ಮಾಡುತ್ತವೆ. ಊರಿನ ಹೆಸರೋ ತಂದೆಯ ಹೆಸರೋ ಒಂದೆರಡು ಅಕ್ಷರವಾಗಿ ಮುಂದೆ ನಿಲ್ಲುತ್ತದೆ. ಕೊಡವರಲ್ಲಂತೂ ಮನೆತನದ ಹೆಸರೇ ಮೊದಲು. 1973ರ ವಿಶ್ವಕಪ್ ಹಾಕಿಯಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್ ಅವರ "ಎಂ" ಎಂದರೆ ಮೊಳ್ಳೇರ, "ಪಿ" ಎಂದರೆ ಪೂವಯ್ಯ. ಹೀಗಾಗಿ 1997ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದ ವೇಗದ ಬೌಲರ್ ದೊಡ್ಡ ಗಣೇಶ್ ಜೊತೆ ಅವರನ್ನು ಯಾರೂ ಬೆರೆಸುವುದಿಲ್ಲ.

ಬೇರೆ ಬೇರೆ ಆಟಗಳಲ್ಲಿ ಒಂದೇ ಹೆಸರಿದ್ದರೆ ಆಟವೇ ಗುರುತು. ಒಂದೇ ಆಟದಲ್ಲಿ ಒಂದೇ ಹೆಸರು ಬಂದರೆ? ಭಾರತದ ಹಾಕಿಯಲ್ಲಿ ಐವರು ಬಲಬೀರ್ ಸಿಂಗ್‌ಗಳು ಆಡಿದ್ದಾರೆ. ಮೊದಲನೆಯವರು 1948, 1952, 1956ರ ಮೂರು ಒಲಿಂಪಿಕ್ ಚಿನ್ನಗಳ ಒಡೆಯ. 1952ರ ಹೆಲ್ಸಿಂಕಿ ಫೈನಲ್‌ನಲ್ಲಿ ಭಾರತ ನೆದರ್ಲೆಂಡ್ಸ್ ತಂಡವನ್ನು 6-1ರಿಂದ ಸೋಲಿಸಿತು. ಆರರಲ್ಲಿ ಐದು ಗೋಲು ಅವರವು. 1958ರ ಟೋಕಿಯೋ ಏಷ್ಯನ್ ಕ್ರೀಡಾಕೂಟದ ತಂಡದಲ್ಲಿ ಇನ್ನೊಬ್ಬ ಬಲಬೀರ್ ಬಂದರು. ಹಾಗಾಗಿ ಇವರು ಸೀನಿಯರ್, ಅವರು ಜೂನಿಯರ್. ಇಬ್ಬರಿಗೂ ರಕ್ತಸಂಬಂಧವೇನೂ ಇಲ್ಲ ಎಂಬುದನ್ನು ನೆನಪಿಡಿ.

1968ರ ಮೆಕ್ಸಿಕೋ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಮೂವರು ಬಲಬೀರ್‌ಗಳಿದ್ದರು! ದಾಖಲೆಗಳಲ್ಲಿ ಇವರನ್ನು 1, 2, 3 ಎಂದು ಎಣಿಸುವುದುಂಟು. ಆಗ ಆಟಗಾರರಿಗೆ ಅನ್ನ ಕೊಡುತ್ತಿದ್ದುದು ಸರ್ಕಾರಿ ನೌಕರಿ. ಆದ್ದರಿಂದ ಒಬ್ಬರು ಸೇನೆಯ ಬಲಬೀರ್, ಒಬ್ಬರು ರೈಲ್ವೆಯ ಬಲಬೀರ್, ಇನ್ನೊಬ್ಬರು ಪೊಲೀಸ್ ಬಲಬೀರ್. ಆದರೆ ಸೀನಿಯರ್ ಕೂಡ ಪಂಜಾಬ್ ಪೊಲೀಸಿನಲ್ಲೇ ಇದ್ದವರು. ಹಾಗಾಗಿ ಆ ಗುರುತೂ ಸಾಲದು. ಕುಲದ ಹೆಸರನ್ನು ಹುಡುಕಿದಾಗ ಮಾತ್ರ ಸೀನಿಯರ್ ದೋಸಾಂಝ್, ಪೊಲೀಸ್ ಬಲಬೀರ್ ಕುಲಾರ್ ಎಂದು ಬೇರೆಯಾಗುತ್ತದೆ. ಸೇನೆಯ ಬಲಬೀರ್ ಕೂಡ ಕುಲಾರ್ ಆಗಿರಬೇಕೇ? ಜಲಂಧರ್ ಬಳಿಯ ಸಂಸಾರ್‌ಪುರ್ ಎಂಬ ಒಂದೇ ಹಳ್ಳಿಯವರು ಇಬ್ಬರೂ. ಆ ಹಳ್ಳಿಯ ಐವರು ಆ ವರ್ಷ ಭಾರತಕ್ಕೆ ಆಡಿದರು, ಇಬ್ಬರು ಕೀನ್ಯಾಕ್ಕೆ ಆಡಿದರು. ಭಾರತದ ಕಡೆ ಒಬ್ಬ ಜಗಜೀತ್ ಸಿಂಗ್, ಕೀನ್ಯಾದ ಕಡೆ ಇನ್ನೊಬ್ಬ ಜಗಜೀತ್ ಸಿಂಗ್.

ಹೆಸರನ್ನೇ ನಂಬಿ ಪದಕಗಳನ್ನು ಕೂಡಿಸಿದರೆ "ಬಲಬೀರ್ ಸಿಂಗ್" 1948ರಿಂದ 1968ರ ತನಕ ಇಪ್ಪತ್ತು ವರ್ಷ ಆಡಿ ಮೂರು ಚಿನ್ನ, ಒಂದು ಕಂಚು ಗೆದ್ದಂತಾಗುತ್ತದೆ. ಸೀನಿಯರ್‌ಗೆ ಅವರದಲ್ಲದ ಕಂಚು ಸಿಗುತ್ತದೆ. ಮೆಕ್ಸಿಕೋದಲ್ಲಿ ಬೆವರು ಸುರಿಸಿದ ಮೂವರು ಚರಿತ್ರೆಯಿಂದ ಮಾಯವಾಗುತ್ತಾರೆ. ಲೆಕ್ಕದ ತಪ್ಪಿಗಿಂತ ಈ ಎರಡನೆಯದೇ ದೊಡ್ಡ ಅನ್ಯಾಯ ಎಂದು ನನಗನ್ನಿಸುತ್ತದೆ. ಆದ್ದರಿಂದಲೇ ಇತಿಹಾಸಕಾರ ಹೆಸರಿನ ಪಕ್ಕದಲ್ಲಿ ವರ್ಷ, ಊರು, ನೌಕರಿ, ಆಡಿದ ಸ್ಥಾನ, ಸಾಧ್ಯವಾದರೆ ಒಂದು ಛಾಯಾಚಿತ್ರ, ಇಷ್ಟನ್ನೂ ಇಟ್ಟು ನೋಡುತ್ತಾನೆ.

ಇಂಥ ಗುರುತುಗಳು ಕಳೆದುಹೋಗುವುದೂ ಉಂಟು. 1985ರಲ್ಲಿ ಸೀನಿಯರ್ ಬಲಬೀರ್ ತಮ್ಮ 36 ಪದಕಗಳು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿ ತೊಟ್ಟ ಕೋಟು ಮತ್ತು ಅಪರೂಪದ ಛಾಯಾಚಿತ್ರಗಳನ್ನು, ಕ್ರೀಡಾ ವಸ್ತುಸಂಗ್ರಹಾಲಯವೊಂದು ಆಗಲಿದೆ ಎಂಬ ನಂಬಿಕೆಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಕೊಟ್ಟರು. 2012ರ ಲಂಡನ್ ಒಲಿಂಪಿಕ್ಸ್ ವೇಳೆಗೆ ಅವು ಎಲ್ಲಿವೆ ಎಂದು ವಿಚಾರಿಸಿದಾಗ ಸಿಗಲಿಲ್ಲ. ಮನೆಯವರು ಪತ್ರ ಬರೆದರು, ಕಚೇರಿಗಳಿಗೆ ಅಲೆದರು. 2020ರ ಫೆಬ್ರವರಿಯಲ್ಲಿ ಪೊಲೀಸ್ ಬಲಬೀರ್ ಕುಲಾರ್ ತೀರಿಕೊಂಡರು. ಮೂರು ತಿಂಗಳಿಗೆ, ಮೇ 25ರಂದು, ಸೀನಿಯರ್ ಕೂಡ. ಆ ಕೋಟನ್ನು ಅವರು ಮತ್ತೆ ನೋಡಲಿಲ್ಲ.

2021ರಲ್ಲಿ ಮೊಹಾಲಿಯ ಹಾಕಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. "ಬಲಬೀರ್ ಸಿಂಗ್" ಎಂದಷ್ಟೇ ಇಟ್ಟಿದ್ದರೆ ಯಾರ ಹೆಸರೆಂದು ನೀವು ಕೇಳಬಹುದಿತ್ತು. ಇಟ್ಟವರಿಗೆ ಅದು ತಿಳಿದಿತ್ತು: ಕ್ರೀಡಾಂಗಣದ ಹೆಸರಿನಲ್ಲಿ "ಒಲಿಂಪಿಯನ್" ಎಂಬುದು ಮೊದಲು ಬರುತ್ತದೆ, ಕೊನೆಯಲ್ಲಿ "ಸೀನಿಯರ್" ಎಂಬುದೂ ಇದೆ.